ರಾತ್ರಿ ಎಂಟರ ಹಸಿವಿಗೆ ಮನೆಯಲ್ಲಿ ಏನಿದೆ?

ಪ್ರಶ್ನೆ: ನನಗೆ 36 ವರ್ಷ. ಎತ್ತರ 5 ಅಡಿ 6 ಇಂಚು, ತೂಕ 84 ಕಿಲೋ. ಮನೆ ವಿಜಯನಗರದಲ್ಲಿ, ಆಫೀಸು ವೈಟ್‌ಫೀಲ್ಡ್‌ನಲ್ಲಿ. ದಿನಾ ಮೆಟ್ರೊದಲ್ಲಿ ಓಡಾಟ. ಹೆಂಡತಿಯೂ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ದರ್ಶಿನಿಯಲ್ಲಿ ಮಸಾಲೆ ದೋಸೆ ಅಥವಾ ಇಡ್ಲಿ-ವಡೆ. ಮಧ್ಯಾಹ್ನ ಆಫೀಸ್ ಕ್ಯಾಂಟೀನು. ಸಂಜೆ ಟೀ ಜೊತೆ ಪಫ್ ಇಲ್ಲವೇ ಬಜ್ಜಿ. ರಾತ್ರಿ ಮನೆ ತಲುಪುವಾಗ ಎಂಟು ಗಂಟೆ, ವಾರಕ್ಕೆ ನಾಲ್ಕೈದು ದಿನ ಆ್ಯಪ್‌ನಲ್ಲೇ ಆರ್ಡರ್. ಕಳೆದ ತಿಂಗಳು ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) 6.1 ಬಂತು. ಡಾಕ್ಟರು ತೂಕ ಇಳಿಸಿ ಅಂದರು. ಹೊರಗಿನ ಊಟ ಪೂರ್ತಿ ಬಿಡಬೇಕು ಅಂತ ಎರಡು ಸಲ ಶುರು ಮಾಡಿದೆ. ಮೊದಲ ಸಲ ಹನ್ನೊಂದು ದಿನ ನಡೆಯಿತು, ಎರಡನೇ ಸಲ ಮೂರು ವಾರ. ಆಮೇಲೆ ಮೊದಲಿಗಿಂತ ಜಾಸ್ತಿ ತಿಂದೆ. ನನಗೆ ಬಾಯಿಚಪಲ ಜಾಸ್ತಿ, ಮನಸ್ಸು ಗಟ್ಟಿ ಇಲ್ಲ. ಈ ಅಭ್ಯಾಸ ಬಿಡುವುದು ಹೇಗೆ? ಮುಂದಿನ ತಿಂಗಳು ಊರಲ್ಲಿ ತಂಗಿಯ ಮದುವೆ ಬೇರೆ ಇದೆ.

ಉತ್ತರ: ಬಾಯಿಚಪಲದ ಮಾತನ್ನು ಮೊದಲು ಪಕ್ಕಕ್ಕಿಡೋಣ. ನಿಮ್ಮ ದಿನವನ್ನು ಓದಿದಾಗ ನನಗೆ ಅದು ಕಾಣಿಸಲಿಲ್ಲ. ಮಧ್ಯಾಹ್ನ ಉಂಡವರು ಒಂದು ಗಂಟೆಗೂ ಜಾಸ್ತಿ ಮೆಟ್ರೊದಲ್ಲಿ ನಿಂತು ರಾತ್ರಿ ಎಂಟಕ್ಕೆ ಮನೆ ಬಾಗಿಲು ತೆಗೆಯುತ್ತೀರಿ. ಇಬ್ಬರಿಗೂ ಸುಸ್ತು. ಅಕ್ಕಿ ಇದೆ, ಬೇಳೆ ಇದೆ, ಆದರೆ ತಟ್ಟೆಗೆ ಹಾಕಿಕೊಳ್ಳುವಂಥದ್ದು ಏನೂ ಇಲ್ಲ. ಕೈಯಲ್ಲಿ ಫೋನ್ ಇದೆ. ಆಗ ಆರ್ಡರ್ ಮಾಡುವವರಿಗೆ ಚಪಲ ಇರುವುದಿಲ್ಲ, ಹಸಿವು ಇರುತ್ತದೆ.

ಹದಿನಾರು ವರ್ಷದಿಂದ ಆಹಾರ ಸಲಹೆಯ ಕೆಲಸದಲ್ಲಿದ್ದೇನೆ. ಹೊರಗೆ ತಿನ್ನುವ ಅಭ್ಯಾಸ ಬಿಡಬೇಕು ಅಂತ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹೋದ ವಾರ ರಾತ್ರಿ ಆರ್ಡರ್ ಮಾಡಿದ್ದರಲ್ಲಿ ಯಾವುದು ತುಂಬ ಚೆನ್ನಾಗಿತ್ತು? ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಏನು ತರಿಸಿದ್ದೆವು ಅನ್ನುವುದೇ ಅವರಿಗೆ ನೆನಪಿರುವುದಿಲ್ಲ. ರುಚಿಗೋಸ್ಕರ ತಿಂದದ್ದು ನೆನಪಿರುತ್ತದೆ. ಯಾವತ್ತೋ ಗೆಳೆಯರ ಜೊತೆ ದಾವಣಗೆರೆಯಲ್ಲಿ ನಿಂತು ತಿಂದ ಬೆಣ್ಣೆ ದೋಸೆ ಹತ್ತು ವರ್ಷ ಆದರೂ ಮರೆಯುವುದಿಲ್ಲ, ಅಲ್ವಾ? ಹೊಟ್ಟೆ ತುಂಬಿಸಿಕೊಳ್ಳಲು ತಿಂದದ್ದು ಮರುದಿನವೇ ಮರೆತುಹೋಗುತ್ತದೆ. ಈ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ. ವಾರದ ಹತ್ತಿಪ್ಪತ್ತು ಹೊರಗಿನ ಊಟ-ತಿಂಡಿಯಲ್ಲಿ ನಿಜವಾಗಿ ಬೇಕಿದ್ದದ್ದು ಎರಡೋ ಮೂರೋ ಇರುತ್ತದೆ. ಅದನ್ನು ಉಳಿಸಿಕೊಳ್ಳಿ. ಉಳಿದದ್ದಕ್ಕೆ ಮನೆಯಲ್ಲಿ ಏನಾದರೂ ಇರುವ ಹಾಗೆ ಮಾಡಿಕೊಳ್ಳಬೇಕು. ನನ್ನ ಸಲಹೆ ಇಷ್ಟೇ. ಇನ್ನು ಅದನ್ನು ಮಾಡುವುದು ಹೇಗೆ ಅಂತ ನೋಡೋಣ.

ಪೂರ್ತಿ ಬಿಟ್ಟಾಗ ಯಾಕೆ ನಿಲ್ಲಲಿಲ್ಲ? ಹೊರಗಿನದನ್ನು ತೆಗೆದಿರಿ, ಆ ಜಾಗಕ್ಕೆ ಬೇರೇನೂ ಇಡಲಿಲ್ಲ. ಹನ್ನೊಂದು ದಿನ ಬ್ರೆಡ್ಡು, ಬಾಳೆಹಣ್ಣು, ಅನ್ನ-ಮೊಸರು ಅಂತ ಹೇಗೋ ತಳ್ಳಿರಬಹುದು. ಹನ್ನೆರಡನೇ ದಿನ ಒಂದು ಮೀಟಿಂಗ್ ತಡವಾಗುತ್ತದೆ, ಆರ್ಡರ್ ಮಾಡುತ್ತೀರಿ. "ಹೋಯಿತು, ಎಲ್ಲಾ ಕೆಟ್ಟಿತು" ಅನ್ನಿಸುತ್ತದೆ. ಮರುದಿನದಿಂದ ಮತ್ತೆ ಹಳೇ ದಾರಿ. ಅಭ್ಯಾಸ ಹೇಗೆ ಕೂರುತ್ತದೆ ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನೋಡಿದ್ದರು. ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನುವ ಲೆಕ್ಕ ಬಂತು. ನಿಮಗೆ ಮುಖ್ಯವಾದದ್ದು ಅವರು ಕಂಡ ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ. ಮೂರು ವಾರ ನಡೆಸಿದ್ದು ಸೋಲು ಅನ್ನುವ ಹಾಗೆ ನೀವು ಬರೆದಿದ್ದೀರಿ. ನಾನು ಅದನ್ನು ಮೂರರಲ್ಲಿ ಒಂದು ಪಾಲು ದಾರಿ ಅನ್ನುತ್ತೇನೆ.

ಹೊರಗಿನ ಊಟದಲ್ಲಿ ತೂಕ ಯಾಕೆ ಏರುತ್ತದೆ ಅನ್ನುವುದನ್ನೂ ಸ್ವಲ್ಪ ಹೇಳಬೇಕು. ಯಾಕೆಂದರೆ ಜನ ಅನ್ನವನ್ನು ಬಯ್ಯುತ್ತಾರೆ, ಎಣ್ಣೆಯನ್ನು ಮರೆಯುತ್ತಾರೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ, 120 ಕ್ಯಾಲೊರಿ. ತುಪ್ಪ, ಬೆಣ್ಣೆಯದೂ ಹೆಚ್ಚುಕಡಿಮೆ ಇದೇ ದಾರಿ. ಮನೆಯಲ್ಲಿ ದೋಸೆ ಹೊಯ್ಯುವಾಗ ಒಂದು ಟೀ ಚಮಚ ಎಣ್ಣೆ ಸುತ್ತ ಬಿಡುತ್ತೇವೆ. ಹೋಟೆಲಿನ ಕಾವಲಿಯ ಮುಂದೆ ಎರಡು ನಿಮಿಷ ನಿಂತು ನೋಡಿ, ಎಷ್ಟು ಸುರಿಯುತ್ತಾರೆ ಅಂತ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಒಂದೇ ಒಂದು ದೊಡ್ಡ ಚಮಚ ಜಾಸ್ತಿ ಅಂತಿಟ್ಟುಕೊಂಡರೂ 360 ಕ್ಯಾಲೊರಿ ಆಯಿತು. ತಿಂಗಳಿಗೆ 10,800. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದೇಹ ಹೀಗೆ ನೇರ ಲೆಕ್ಕದಲ್ಲಿ ನಡೆಯುವುದಿಲ್ಲ, ಆದರೂ ಯಾವ ಕಡೆಗೆ ಹೋಗುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಕೂತು ಕೆಲಸ ಮಾಡುವವರಿಗೆ ದಿನಕ್ಕೆ ಒಟ್ಟು 25-30 ಗ್ರಾಂ ಎಣ್ಣೆ-ತುಪ್ಪ ಸಾಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಲೆಕ್ಕ. ಅಂದರೆ ಎರಡು ದೊಡ್ಡ ಚಮಚ. ಒಗ್ಗರಣೆಯಿಂದ ಹಿಡಿದು ಚಪಾತಿಗೆ ಸವರುವುದರ ತನಕ ಎಲ್ಲಾ ಸೇರಿ.

ಉಪ್ಪಿನದು ಇನ್ನೊಂದು ಕಥೆ. ಹೊರಗಿನ ಊಟ ಮಾಡಿದ ಮರುದಿನ ಬೆಳಿಗ್ಗೆ ತೂಕದ ಯಂತ್ರ ಒಂದು ಕಿಲೋ ಜಾಸ್ತಿ ತೋರಿಸಬಹುದು. ಅದು ಉಪ್ಪು ಹಿಡಿದಿಟ್ಟ ನೀರು. ಎರಡು ದಿನದಲ್ಲಿ ಇಳಿಯುತ್ತದೆ. ಅದನ್ನು ನೋಡಿ ಕೈ ಚೆಲ್ಲಬೇಡಿ.

ಈಗ ರಾತ್ರಿಯ ಊಟಕ್ಕೆ ಬರೋಣ. ನಾಲ್ಕೂ ಹೊತ್ತನ್ನು ಒಟ್ಟಿಗೆ ಸರಿ ಮಾಡಲು ಹೋಗಬೇಡಿ. ರಾತ್ರಿಯದನ್ನು ಮೊದಲು ಹಿಡಿಯಿರಿ.

ನಮ್ಮಲ್ಲಿ ಒಂದು ತೊಂದರೆ ಇದೆ. ಅಡುಗೆ ಅಂದರೆ ಅನ್ನ, ಸಾರು, ಪಲ್ಯ, ಚಪಾತಿ, ಮೊಸರು ಎಲ್ಲಾ ಇರಬೇಕು, ಇಲ್ಲದಿದ್ದರೆ ಅದು ಅಡುಗೆಯೇ ಅಲ್ಲ ಅನ್ನುವ ಲೆಕ್ಕ. ಅಮ್ಮ ಹಾಗೆ ಮಾಡುತ್ತಿದ್ದರು. ಎಂಟು ಗಂಟೆಗೆ ಬಂದವರಿಗೆ ಅದು ಆಗುವುದಿಲ್ಲ. ಆಗದ್ದರಿಂದ ಏನೂ ಮಾಡುವುದಿಲ್ಲ, ಫೋನ್ ತೆಗೆಯುತ್ತೇವೆ. ನಾನೂ ಮದುವೆಯಾದ ಹೊಸದರಲ್ಲಿ ಎರಡು ವರ್ಷ ಹೀಗೇ ಇದ್ದೆ. ಆಸ್ಪತ್ರೆ ಕೆಲಸ ಮುಗಿಸಿ ಬಂದು, ಪೂರ್ತಿ ಅಡುಗೆ ಮಾಡಲಾಗದೆ, ಬೀದಿ ಕೊನೆಯ ಹೋಟೆಲಿನಿಂದ ಪಾರ್ಸೆಲ್ ತರುತ್ತಿದ್ದೆವು. ಒಂದು ದಿನ ಅತ್ತೆ ಊರಿಂದ ಬಂದಿದ್ದರು. ನಾನು ಬರುವಷ್ಟರಲ್ಲಿ ಅಕ್ಕಿ, ಹೆಸರುಬೇಳೆ, ಒಂದು ಹಿಡಿ ಹೆಚ್ಚಿದ ಬೀನ್ಸು-ಕ್ಯಾರೆಟ್ಟು, ಜೀರಿಗೆ, ಮೆಣಸು, ಚಿಟಿಕೆ ಅರಿಶಿನ ಹಾಕಿ ಕುಕ್ಕರ್ ಕೂಗಿಸಿ ಇಟ್ಟಿದ್ದರು. ಪಕ್ಕಕ್ಕೆ ಸೌತೆಕಾಯಿ ಹೆಚ್ಚಿದ್ದರು, ಮೊಸರಿತ್ತು. "ಇಷ್ಟೇನಾ ಅನ್ನಬೇಡ, ಇಷ್ಟು ಸಾಕು ಕಣಮ್ಮ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ವಾರದ ದಿನ ಒಂದೇ ಪಾತ್ರೆಯ ಅಡುಗೆ.

ಹೆಸರುಬೇಳೆಗೆ ನೆನೆಸುವ ಕೆಲಸ ಇಲ್ಲ. ಮೂರು ವಿಷಲ್ ಸಾಕು. ಬಂದ ತಕ್ಷಣ, ಬ್ಯಾಗು ಇಟ್ಟು ಬಟ್ಟೆ ಬದಲಿಸುವ ಮೊದಲೇ ಕುಕ್ಕರ್ ಒಲೆ ಮೇಲೆ ಇಡಿ. ಮುಖ ತೊಳೆದು ಬರುವಷ್ಟರಲ್ಲಿ ಅರ್ಧ ಆಗಿರುತ್ತದೆ. ಆರ್ಡರ್ ಮಾಡಿದ ಊಟ ಬರಲು ಮುಕ್ಕಾಲು ಗಂಟೆ ಕಾಯುತ್ತೀರಲ್ಲ, ಅದಕ್ಕಿಂತ ಇದು ಬೇಗ. ನನ್ನ ಹತ್ತಿರ ಬರುವವರಿಗೆ ಒಂದು ನಿಯಮ ಹೇಳುತ್ತೇನೆ. ಆರ್ಡರ್ ಮಾಡಬೇಕು ಅನ್ನಿಸಿದರೆ ಮಾಡಿ, ಆದರೆ ಕುಕ್ಕರ್ ಇಟ್ಟ ಮೇಲೆ ಮಾಡಿ. ಕುಕ್ಕರ್ ಕೂಗಲು ಶುರುವಾದ ಮೇಲೆ ಆರ್ಡರ್ ಮಾಡುವವರು ಕಡಿಮೆ.

ದಿನಾ ಪೊಂಗಲ್ ತಿನ್ನಲು ಆಗುವುದಿಲ್ಲ, ಗೊತ್ತು. ಭಾನುವಾರ ಒಂದು ಗಂಟೆ ಕೊಟ್ಟರೆ ವಾರ ಹಗುರಾಗುತ್ತದೆ. ದೋಸೆ ಹಿಟ್ಟು ರುಬ್ಬಿಡಿ. ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಮೊದಲೆರಡು ದಿನ ಇಡ್ಲಿ, ಹುಳಿ ಬಂದ ಮೇಲೆ ಈರುಳ್ಳಿ, ಕ್ಯಾರೆಟ್ ತುರಿ ಹಾಕಿ ದೋಸೆ, ಕೊನೆಗೆ ಪಡ್ಡು. ರುಬ್ಬಲು ಆಗದಿದ್ದರೆ ಅಂಗಡಿಯ ರೆಡಿ ಹಿಟ್ಟು ತನ್ನಿ. ಅದರಲ್ಲಿ ತಪ್ಪೇನೂ ಇಲ್ಲ. ಅಂಗಡಿ ಹಿಟ್ಟಿನಲ್ಲಿ ಮನೆಯಲ್ಲಿ ಹೊಯ್ದ ದೋಸೆಯ ಎಣ್ಣೆ ನಿಮ್ಮ ಕೈಯಲ್ಲಿರುತ್ತದೆ, ಅಷ್ಟು ಸಾಕು. ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿ. ಅದು ಒಂದು ದಿನ ಉಸಲಿ, ಇನ್ನೊಂದು ದಿನ ಸಾರಿಗೆ. ತೊಗರಿಬೇಳೆ ಬೇಯಿಸಿ ಡಬ್ಬಿಯಲ್ಲಿಟ್ಟರೆ ಮಸ್ಸೊಪ್ಪಿಗೋ ತೊವ್ವೆಗೋ ಹತ್ತು ನಿಮಿಷ. ಕಾಯಿ ತುರಿದು ಫ್ರೀಜರಿನಲ್ಲಿ ಇಡಿ. ಸೊಪ್ಪನ್ನು ತಂದ ದಿನವೇ ಬಿಡಿಸಿ, ಬಟ್ಟೆಯಲ್ಲಿ ಸುತ್ತಿಡಿ. ಕಟ್ಟು ಕಟ್ಟಾಗಿ ಇಟ್ಟ ಸೊಪ್ಪು ಕಸದ ಬುಟ್ಟಿಗೇ ಹೋಗುವುದು. ಏನೂ ಆಗದ ದಿನಕ್ಕೆ ಒಗ್ಗರಣೆ ಅವಲಕ್ಕಿ ಇದೆ, ಕಡ್ಲೆಬೀಜ, ಬಟಾಣಿ ಜಾಸ್ತಿ ಹಾಕಿ. ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆ, ಎರಡು ಚಪಾತಿ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತದೆ.

ರಾತ್ರಿ ಮುದ್ದೆ ಮಾಡಲಾ ಅಂತ ತುಂಬ ಜನ ಕೇಳುತ್ತಾರೆ. ಮಾಡಿ, ಒಳ್ಳೆಯದು, ನಾರು ಮತ್ತು ಕ್ಯಾಲ್ಸಿಯಂ ಜಾಸ್ತಿ. ಆದರೆ ರಾಗಿ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಅಂದುಕೊಳ್ಳಬೇಡಿ. ನೂರು ಗ್ರಾಂ ಅಕ್ಕಿಗೂ ನೂರು ಗ್ರಾಂ ರಾಗಿಹಿಟ್ಟಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಮುದ್ದೆ, ಜೊತೆಗೆ ಎರಡು ಸೌಟು ಬಸ್ಸಾರು, ಪಕ್ಕದಲ್ಲಿ ಅದರದೇ ಪಲ್ಯ ಧಾರಾಳವಾಗಿ ಇರಲಿ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. "ಹೆಂಡತಿಯೂ ಕೆಲಸಕ್ಕೆ ಹೋಗುತ್ತಾಳೆ" ಅಂತ ಬರೆದಿದ್ದೀರಿ. ಮನೆ ಊಟ ಶುರು ಮಾಡೋಣ ಅಂದಾಗ ಆ ಊಟದ ಪೂರ್ತಿ ಕೆಲಸ ಅವರ ತಲೆ ಮೇಲೆ ಬೀಳುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಹಾಗಾದ ಮನೆಯಲ್ಲಿ ಈ ಪ್ರಯತ್ನ ಒಂದು ತಿಂಗಳು ದಾಟುವುದಿಲ್ಲ, ದಾಟಬೇಕು ಅಂತ ಕೇಳುವುದೂ ನ್ಯಾಯ ಅಲ್ಲ. ತೂಕ ಇಳಿಸಬೇಕಾದವರು ನೀವು. ಕುಕ್ಕರ್ ಇಡುವುದು, ಭಾನುವಾರ ತರಕಾರಿ ಹೆಚ್ಚುವುದು ನಿಮ್ಮ ಕೆಲಸ ಆಗಲಿ. ಅಡುಗೆ ಬಾರದಿದ್ದರೆ ಮೂರೇ ಅಡುಗೆ ಕಲಿಯಿರಿ. ಪೊಂಗಲ್, ಅವಲಕ್ಕಿ, ತೊವ್ವೆ. ಮೂರು ಬಂದರೆ ವಾರ ಕಳೆಯುತ್ತದೆ.

ರಾತ್ರಿಯ ಊಟ ಕೆಡುವುದು ಹೆಚ್ಚಾಗಿ ಸಂಜೆ ಐದಕ್ಕೆ. ಐದಕ್ಕೆ ಪಫ್ ತಿಂದರೆ ಏಳೂವರೆಗೆ ಮತ್ತೆ ಹಸಿವು. ಏನೂ ತಿನ್ನದೆ ಬಂದರೆ ಇನ್ನೂ ಕಷ್ಟ. ಹಸಿದ ಹೊಟ್ಟೆಯಲ್ಲಿ ಆ್ಯಪ್ ತೆಗೆದವರು ಒಬ್ಬರಿಗೆ ಅಂತ ಶುರು ಮಾಡಿ ಇಬ್ಬರಿಗಾಗುವಷ್ಟು ತರಿಸುತ್ತಾರೆ. ಆಫರ್ ಸಿಗಲಿ ಅಂತ ಇನ್ನೊಂದು ಐಟಂ ಸೇರಿಸುತ್ತಾರೆ. ಹಾಗಾಗಿ ಸಂಜೆ ಏನಾದರೂ ತಿನ್ನಲೇಬೇಕು. ಒಂದು ಹಿಡಿ ಹುರಿದ ಕಡ್ಲೆಬೀಜ ಇಲ್ಲವೇ ಹುರಿಗಡಲೆ, ಒಂದು ಸೀಬೆಹಣ್ಣು ಅಥವಾ ಬಾಳೆಹಣ್ಣು, ಸಿಕ್ಕಿದರೆ ಮಜ್ಜಿಗೆ. ಹಿಡಿ ಅಂದರೆ ಮುಚ್ಚಿದ ಹಿಡಿ, ಸುಮಾರು 30 ಗ್ರಾಂ. ಕಡ್ಲೆಬೀಜ ಆದರೆ 170 ಕ್ಯಾಲೊರಿ ಆಗುತ್ತದೆ, ಪೊಟ್ಟಣ ಪೂರ್ತಿ ಖಾಲಿ ಮಾಡಬೇಡಿ. ಮೆಟ್ರೊದೊಳಗೆ ತಿನ್ನುವ ಹಾಗಿಲ್ಲ, ಆದ್ದರಿಂದ ಆಫೀಸು ಬಿಡುವ ಮೊದಲೇ ತಿಂದುಬಿಡಿ. ಡ್ರಾಯರಿನಲ್ಲಿ ಒಂದು ಡಬ್ಬಿ ಇರಲಿ. ಬೇರೆ ಏನನ್ನೂ ಬದಲಿಸದೆ ಇದೊಂದನ್ನೇ ಮಾಡಿದವರ ರಾತ್ರಿ ಆರ್ಡರ್ ವಾರಕ್ಕೆ ಎರಡು ಸಲ ಕಡಿಮೆಯಾದದ್ದನ್ನು ನಾನು ನೋಡಿದ್ದೇನೆ.

ಪಫ್ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಅದರ ಪದರ ಪದರ ಬಿಡುವುದೇ ಹಿಟ್ಟಿನ ನಡುವೆ ಸವರಿದ ಕೊಬ್ಬಿನಿಂದ. ಎಣ್ಣೆ, ಡಾಲ್ಡಾಗಳಲ್ಲಿ ಟ್ರಾನ್ಸ್ ಫ್ಯಾಟ್ (ಹೃದಯಕ್ಕೆ ಕೆಟ್ಟದಾದ ಕೊಬ್ಬು) 2%ಗಿಂತ ಜಾಸ್ತಿ ಇರಬಾರದು ಅಂತ 2022ರಿಂದ ದೇಶದಲ್ಲಿ ನಿಯಮ ಇದೆ. ಅದು ಒಳ್ಳೆಯದೇ ಆಯಿತು, ಆದರೆ ಪಫ್‌ನಲ್ಲಿರುವ ಕೊಬ್ಬಿನ ಪ್ರಮಾಣ ಇದರಿಂದ ಇಳಿಯಲಿಲ್ಲ. ಮಳೆ ಬಂದ ದಿನ ಗೆಳೆಯರ ಜೊತೆ ಎರಡು ಬಜ್ಜಿ ತಿನ್ನಿ. ದಿನಾ ಪಫ್ ತಿನ್ನುವುದಕ್ಕಿಂತ ಅದು ಎಷ್ಟೋ ಮೇಲು.

ಫೋನಿನಲ್ಲಿ ಎರಡು ಕೆಲಸ ಮಾಡಿ. ಆ್ಯಪ್‌ನ ನೋಟಿಫಿಕೇಶನ್ ನಿಲ್ಲಿಸಿ, ಸೇವ್ ಆಗಿರುವ ಕಾರ್ಡನ್ನು ತೆಗೆಯಿರಿ. ಪ್ರತಿ ಸಲ ನಂಬರ್ ಹಾಕಬೇಕು ಅಂದರೆ ಕೈ ಸ್ವಲ್ಪ ತಡೆಯುತ್ತದೆ. ಆರ್ಡರ್ ಮಾಡಲೇಬೇಕಾದ ದಿನ ಪಲ್ಯ ಅಥವಾ ಗ್ರೇವಿ ಒಂದನ್ನೇ ತರಿಸಿ, ಅನ್ನವನ್ನೋ ಚಪಾತಿಯನ್ನೋ ಮನೆಯಲ್ಲಿ ಮಾಡಿಕೊಳ್ಳಿ. ಅರ್ಧ ಬಡಿಸಿಕೊಂಡು ಅರ್ಧವನ್ನು ಮೊದಲೇ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ತಿಂದ ಮೇಲೆ ಎತ್ತಿಡುತ್ತೇನೆ ಅಂದರೆ ಎತ್ತಿಡಲು ಏನೂ ಉಳಿದಿರುವುದಿಲ್ಲ.

ಬೆಳಗಿನ ದರ್ಶಿನಿಯನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ ನಿಂತುಕೊಂಡು ಬಿಸಿ ಇಡ್ಲಿ ತಿಂದು ಕಾಫಿ ಕುಡಿಯುವುದು ಎಷ್ಟೋ ಜನರಿಗೆ ದಿನ ಶುರುವಾಗುವ ರೀತಿ. ಅದನ್ನು ಕಿತ್ತುಕೊಂಡು ನಾನೇನು ಮಾಡಲಿ? ಕೌಂಟರಿನ ಮುಂದೆ ಏನು ಹೇಳುತ್ತೀರಿ ಅನ್ನುವುದು ಬದಲಾದರೆ ಸಾಕು. ಎರಡು ಇಡ್ಲಿ, ಸಾಂಬಾರ್ ಒಂದು ಬಟ್ಟಲು ಜಾಸ್ತಿ. ಹಬೆಯಲ್ಲಿ ಬೆಂದದ್ದು, ಜೊತೆಗೆ ಬೇಳೆ. ವಡೆ ದಿನಾ ಬೇಡ. ರವೆ ಇಡ್ಲಿಗೆ ಇಡ್ಲಿ ಅಂತ ಹೆಸರಿದ್ದರೂ ಅದರಲ್ಲಿ ಹುರಿದ ರವೆ, ಒಗ್ಗರಣೆ, ಗೋಡಂಬಿ, ಮೇಲೆ ತುಪ್ಪ ಇರುತ್ತದೆ. ಅದನ್ನು ಬೇರೆಯಾಗಿಯೇ ಎಣಿಸಿ. ಚೌ ಚೌ ಬಾತ್ ಅಂದರೆ ಖಾರಾಬಾತ್ ಪಕ್ಕಕ್ಕೆ ಸಕ್ಕರೆ-ತುಪ್ಪದ ಕೇಸರಿಬಾತ್. ಎಚ್‌ಬಿಎ1ಸಿ 6.1 ಇರುವವರಿಗೆ ಅದು ಬೆಳಗಿನ ತಿಂಡಿ ಆಗಬಾರದು. ಕಾಫಿಗೆ ಸಕ್ಕರೆ ಕಮ್ಮಿ ಅಂತ ಮೊದಲೇ ಹೇಳಿ. ಇಬ್ಬರಿದ್ದರೆ ಬೈಟು ಕಾಫಿ ತೆಗೆದುಕೊಳ್ಳಿ, ನಮ್ಮ ಊರಿನ ಒಳ್ಳೆಯ ಪದ್ಧತಿ ಅದು.

ಮಸಾಲೆ ದೋಸೆಗೆ ವಾರದಲ್ಲಿ ಒಂದು ದಿನ ಇಟ್ಟುಕೊಳ್ಳಿ. ಮೆಟ್ರೊ ಹಿಡಿಯುವ ಆತುರದಲ್ಲಿ ಐದು ನಿಮಿಷದಲ್ಲಿ ನುಂಗುವ ದೋಸೆ ಬೇಡ. ಶನಿವಾರ ಬೆಳಿಗ್ಗೆ ಹೆಂಡತಿಯ ಜೊತೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೋ ಮಲ್ಲೇಶ್ವರದ ಸಿಟಿಆರ್‌ಗೋ ಹೋಗಿ, ಜಾಗಕ್ಕೆ ಕಾದು, ಕೂತು, ನಿಧಾನವಾಗಿ ತಿನ್ನಿ. ವಿದ್ಯಾರ್ಥಿ ಭವನ 1943ರಿಂದ ದೋಸೆ ಹೊಯ್ಯುತ್ತಿದೆ. ಮುಂದಿನ ಶನಿವಾರವೂ ಹೊಯ್ಯುತ್ತದೆ, ಇವತ್ತೇ ಎರಡು ತಿಂದು ಮುಗಿಸುವ ಅಗತ್ಯ ಇಲ್ಲ.

ಮಧ್ಯಾಹ್ನದ ಕ್ಯಾಂಟೀನನ್ನು ಸದ್ಯಕ್ಕೆ ಹಾಗೇ ಬಿಡಿ. ಪಲ್ಯ ಮತ್ತು ಬೇಳೆ ಮೊದಲು ಬಡಿಸಿಕೊಳ್ಳಿ, ಅನ್ನ ಆಮೇಲೆ. ಕರಿದದ್ದು, ಸಿಹಿ ಬಿಡಿ. ಎರಡು ತಿಂಗಳ ನಂತರ ಬೇಕಾದರೆ ಡಬ್ಬಿ ಕಟ್ಟಿಕೊಂಡು ಹೋಗುವ ಮಾತಾಡೋಣ.

ಗುರಿ ಎಷ್ಟಿರಬೇಕು? ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 30. ಭಾರತೀಯರಿಗೆ 23 ದಾಟಿದರೇ ತೂಕ ಜಾಸ್ತಿ ಅನ್ನುತ್ತೇವೆ. ಆದರೆ 23ಕ್ಕೆ ಇಳಿಯುವ ಯೋಚನೆ ಈಗ ಬೇಡ. 6.1 ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ, 6.5ಕ್ಕೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಇಂಥ ಹಂತದಲ್ಲಿ ಇದ್ದವರ ಮೇಲೆ ಅಮೆರಿಕದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಇದೆ. ಅಲ್ಲಿ ಇಟ್ಟ ಗುರಿ ತೂಕದ 7% ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಅದನ್ನು ಪಾಲಿಸಿದ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಯಿತು. ನಿಮ್ಮ ಲೆಕ್ಕದಲ್ಲಿ 7% ಅಂದರೆ 6 ಕಿಲೋ. 84ರಿಂದ 78. ಆರು ತಿಂಗಳಲ್ಲಿ ಆದರೆ ಸಾಕು. ಚೆನ್ನೈನಲ್ಲೂ ಇಂಥದ್ದೇ ಅಧ್ಯಯನ ನಡೆದು 2006ರಲ್ಲಿ ಪ್ರಕಟವಾಯಿತು. ಅಲ್ಲಿಯವರ ತೂಕ ಹೇಳುವಷ್ಟು ಇಳಿಯಲಿಲ್ಲ, ಆದರೂ ಊಟ-ನಡಿಗೆ ಬದಲಿಸಿದ್ದಕ್ಕೆ ಕಾಯಿಲೆ ಬರುವುದು ಸುಮಾರು 28% ಕಡಿಮೆಯಾಯಿತು. ತೂಕದ ಯಂತ್ರ ಅಲುಗಾಡದ ವಾರಗಳಲ್ಲಿ ಇದನ್ನು ನೆನಪಿಸಿಕೊಳ್ಳಿ. ವಿಜಯನಗರಕ್ಕೆ ಒಂದು ಸ್ಟೇಷನ್ ಮೊದಲೇ ಇಳಿದು ನಡೆದರೆ ವ್ಯಾಯಾಮದ ಒಂದು ಪಾಲು ಅಲ್ಲೇ ಮುಗಿಯುತ್ತದೆ. ಮೂರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ ಮಾಡಿಸಿ, ನಿಮ್ಮ ಡಾಕ್ಟರಿಗೆ ತೋರಿಸಿ.

ಇನ್ನು ತಂಗಿಯ ಮದುವೆ. ಅಲ್ಲಿ ಪಥ್ಯ ಮಾಡಬೇಡಿ. ಹೋಳಿಗೆ ಬಡಿಸಿದರೆ ತುಪ್ಪ ಹಾಕಿಸಿಕೊಂಡು ತಿನ್ನಿ. ನಿಜವಾಗಿ ಬೇಕಿದ್ದ ಊಟ ಉಳಿಸಿಕೊಳ್ಳಿ ಅಂತ ಮೇಲೆ ಹೇಳಿದೆನಲ್ಲ, ಇದು ಅಂಥದ್ದು. ನನಗೆ ಚಿಂತೆ ಇರುವುದು ಬೇರೆ ಎರಡು ವಿಷಯದಲ್ಲಿ. ಅಣ್ಣನಾದ ನೀವು ಬೆಳಗಿನಿಂದ ಓಡಾಡುತ್ತೀರಿ. ತಿಂಡಿ ತಿನ್ನಲು ಪುರುಸೊತ್ತು ಇರುವುದಿಲ್ಲ. ಕೊನೆ ಪಂಕ್ತಿಗೆ ಕೂರುವಾಗ ಮೂರು ಗಂಟೆ. ಆ ಹಸಿವಿನಲ್ಲಿ ಎಲೆ ಮುಂದೆ ಕೂತರೆ ಯಾರಿಗೂ ಅಳತೆ ಸಿಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಎರಡು ಇಡ್ಲಿಯಾದರೂ ತಿಂದೇ ಕೆಲಸಕ್ಕೆ ಇಳಿಯಿರಿ. ಎರಡನೆಯದು, ಉಳಿದ ಲಾಡು, ಚಿರೋಟಿ ಡಬ್ಬಿ ಕಟ್ಟಿ ಕೊಡುತ್ತಾರೆ. ಬೇಡ ಅಂದರೆ ಅಮ್ಮನಿಗೆ ಬೇಜಾರಾಗುತ್ತದೆ. ತನ್ನಿ, ಮರುದಿನವೇ ಆಫೀಸಿಗೆ ತೆಗೆದುಕೊಂಡು ಹೋಗಿ ಹಂಚಿಬಿಡಿ.

ಊರಿಗೆ ಹೊರಡುವ ಮೊದಲು ಒಂದು ಕೆಲಸ ಮಾಡಿಟ್ಟು ಹೋಗಿ. ಒಂದು ಡಬ್ಬಿಯಲ್ಲಿ ಅರ್ಧ ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ಜೀರಿಗೆ, ಮೆಣಸು, ಅರಿಶಿನ ಅಳೆದು ಹಾಕಿ ಒಲೆ ಪಕ್ಕದಲ್ಲಿಡಿ. ನಾಲ್ಕು ದಿನದ ಮದುವೆ ಓಡಾಟ ಮುಗಿಸಿ ರಾತ್ರಿ ಬೆಂಗಳೂರಿಗೆ ಬಂದಾಗ ಫ್ರಿಜ್ಜು ಖಾಲಿ ಇರುತ್ತದೆ, ಇಬ್ಬರಿಗೂ ನಿಲ್ಲಲು ಆಗದಷ್ಟು ಸುಸ್ತಾಗಿರುತ್ತದೆ. ಆಗ ಆ ಡಬ್ಬಿಯನ್ನು ಕುಕ್ಕರಿಗೆ ಸುರಿದು ಮೂರು ಲೋಟ ನೀರು ಹಾಕಿದರೆ ಆಯಿತು.